ಬಾಬಿನ್ ಕೇಸ್ ಹೋದ ದಾರಿ

ಹೆಬ್ಬೆಟ್ಟಿನಷ್ಟು ಉಕ್ಕು. ಅದಿಲ್ಲದೆ
ಕಾಟುಕುಕ್ಕೆಯಲ್ಲಿ ಲಿಲ್ಲಿ ಕ್ರಾಸ್ತಾಳ ಮಿಷನ್ನಿನ ಮೇಲೆ
ಬಿಳಿ ಗೌನೊಂದು ಒಂದೇ ತೋಳಲ್ಲಿ ನಿಂತಿದೆ.
ಶನಿವಾರ ಮದುವೆ. ಇವತ್ತು ಬುಧವಾರ ಸಂಜೆ.
ಕಾಞಂಗಾಡಿನ ರಿಪೇರಿಯವನು ಅದನ್ನು ತಂದುಕೊಟ್ಟದ್ದು ನನಗೆ,
ಪೆರಿಯದ ಹಾಸ್ಟೆಲಿನಲ್ಲಿ
ನಾಲ್ಕನೇ ಅಧ್ಯಾಯದೊಳಗೆ ಬಿದ್ದು ಎದ್ದು ಬರಲಾಗದವಳಿಗೆ.

ಅಧ್ಯಾಯದಲ್ಲಿ ಒಂದು ಬಾಗಿದ ಬಯಲಿದೆ.
ಹೇಗೆ ಹೇಳಲಿ, ಲಿಲ್ಲಿ ಹೊಲಿಯುವ ಫ್ರಿಲ್ಲಿನ ಹಾಗೆ:
ಸೊಂಟದಲ್ಲಿ ಎರಡು ಗೇಣು, ಅಂಚಿಗೆ ಬಂದರೆ ಹನ್ನೆರಡು ಮೊಳ,
ಮಡಿಕೆಯೊಳಗೆ ಮಡಿಕೆ.
ಆ ಅಂಚಲ್ಲೇ ಹೆಚ್ಚಿನವರ ವಾಸ, ಒಬ್ಬೊಬ್ಬರಿಗೆ ಇಬ್ಬರು ಮೂವರ ಪರಿಚಯ.
ನಡುವಲ್ಲಿ ಕೂತವರು ಕೆಲವರೇ; ಅವರಿಗೆ ಊರೆಲ್ಲ ಗೊತ್ತು.
ನಾನು ಬರೆದ ನಿಯಮ ಇಷ್ಟೇ:
ನಕ್ಷೆ ಬೇಡ. ನಿನಗೆ ಗೊತ್ತಿದ್ದವರಲ್ಲಿ ಗುರಿಗೆ ಯಾರು ಹತ್ತಿರವೋ
ಅವರ ಕೈಗೆ ದಾಟಿಸು, ಮರೆತುಬಿಡು.
ಲಕ್ಷ ಮಂದಿಯಿದ್ದರೂ ಬೆರಳೆಣಿಕೆಯ ಕೈಗಳಲ್ಲಿ ತಲುಪುತ್ತದೆ,
ಬಹುತೇಕ.
ಈ ‘ಬಹುತೇಕ’ವೇ ಏಳು ತಿಂಗಳಿಂದ
ನನ್ನ ನಿದ್ದೆ ತಿನ್ನುತ್ತಿರುವುದು.

ಮಲಯಾಳ ಪೇಪರಿನಲ್ಲಿ ಸುತ್ತಿ, ನೂಲು ಕಟ್ಟಿ,
ಕಾಸರಗೋಡಿನ ಬಸ್ಸಿನ ಕಂಡಕ್ಟರನಿಗೆ ಕೊಟ್ಟೆ.
“ಕಾಟುಕುಕ್ಕೆಯಾ? ನಾನು ಆ ಕಡೆ ಹೋಗುವುದೇ ಇಲ್ಲ ಮೋಳೇ.
ಚೆರ್ಕಳದಲ್ಲಿ ಇಳಿಸುತ್ತೇನೆ, ಆದಂಕುಂಞಿ ನೋಡಿಕೊಳ್ಳುತ್ತಾನೆ.”

ಕೊಡೆ ರಿಪೇರಿ ಆದಂಕುಂಞಿಗೆ ಒಂದು ನೆಪ.
ನಾಲ್ಕೂ ದಿಕ್ಕಿನ ಬಸ್ಸು, ಅದರ ಡ್ರೈವರು, ಡ್ರೈವರನ ಭಾವನ ಊರು
ಎಲ್ಲ ಆ ಮುರಿದ ಕಡ್ಡಿಗಳ ನಡುವೆ ಕೂತವನ ನಾಲಗೆ ತುದಿಯಲ್ಲಿ.
ಅವನು ಅಂಬಾಡಿ ಮಣಿಯಾಣಿಗೆ ಕೊಟ್ಟ.
ಬದಿಯಡ್ಕ ದಾಟಿ, ಪೆರ್ಲ ದಾಟಿ,
ಅಂಬಾಡಿ ತಿರುವಿನ ಸೋಡಾ ಅಂಗಡಿಯ ಐತಪ್ಪ ನಾಯ್ಕರಿಗೆ ಕೊಟ್ಟ.
ನಾಲ್ಕೇ ಕೈ. ನನ್ನ ಪ್ರಮೇಯ ಬೀಗುವಷ್ಟು ಚಂದ.

ಅಲ್ಲಿ ನಿಂತಿತು.

ಅಂಗಡಿ ಜಗಲಿಯಿಂದ ಲಿಲ್ಲಿಯ ಮಾಡಿನ ಹಂಚು ಕಾಣುತ್ತದೆ,
ಒಣಗಿಸಿದ ಬಟ್ಟೆಯ ಬಣ್ಣವೂ.
ನಡುವೆ ತೋಡು; ತೋಡಿಗೆ ಇದ್ದ ಸಂಕ ಆಟಿಯಲ್ಲೇ ಕೊಚ್ಚಿಹೋಗಿದೆ;
ಐತಪ್ಪರ ಮೊಣಕಾಲು ಅದಕ್ಕೂ ಮೊದಲೇ.
ಅವರಿಗೆ ಗೊತ್ತಿದ್ದ ಯಾರೂ ಅವರಿಗಿಂತ ಹತ್ತಿರ ಇರಲಿಲ್ಲ.
ನನ್ನ ಪುಟಗಳಲ್ಲಿ ಇಂಥವರನ್ನು ಹೊಂಡ ಎನ್ನುತ್ತೇವೆ,
ಹೊಂಡಕ್ಕೆ ಬಿದ್ದದ್ದನ್ನು ‘ವಿಫಲ’ದ ಕಾಲಮ್ಮಿಗೆ ಹಾಕಿ
ಮುಂದಿನ ಪುಟಕ್ಕೆ ಹೋಗುತ್ತೇವೆ.

ಐತಪ್ಪರು ಪುಟ ತಿರುಗಿಸಲಿಲ್ಲ.
ರಾತ್ರಿಯಿಡೀ ಅದನ್ನು ಸಕ್ಕರೆ ಡಬ್ಬದ ಮೇಲಿಟ್ಟು
ಬೆಳಿಗ್ಗೆ ಅಂಬಾಡಿಯ ಬಸ್ಸು ವಾಪಸು ಬಂದಾಗ ಕೈ ಅಡ್ಡ ಹಿಡಿದರು:
“ನೀನೇ ತಂದದ್ದಲ್ವಾ, ನೀನೇ ಕೊಂಡುಹೋಗು.
ಆಚೆ ಬದಿಯಿಂದ ಹೋಗುವವರು ಯಾರಾದರೂ ನಿನಗೆ ಸಿಕ್ಕಿಯಾರು.”
ಗುರಿಗೆ ಬೆನ್ನು ಹಾಕಿ ಅದು
ಪೆರ್ಲಕ್ಕೆ ಮರಳಿತು. ಅಲ್ಲಿ ನಫೀಸತ್ ಸಿಸ್ಟರ್,
ಹಾಸಿಗೆ ಹಿಡಿದವರ ಗಾಯ ತೊಳೆಯಲು ಜೀಪಿನಲ್ಲಿ ಹೊರಟವರು,
ಲಿಲ್ಲಿಯ ನೆರೆಮನೆಗೆ ವಾರಕ್ಕೊಮ್ಮೆ ಹೋಗುವವರು,
ಗಾಜ್ ಬಟ್ಟೆಯ ಕಟ್ಟಿನ ಪಕ್ಕ ಅದಕ್ಕೂ ಜಾಗ ಮಾಡಿದರು.

ಗುರುವಾರ ಮಧ್ಯಾಹ್ನಕ್ಕೆ ಎರಡನೇ ತೋಳು.

ಇದೆಲ್ಲ ತಿಳಿದದ್ದು ಮುಂದಿನ ಮಂಗಳವಾರ,
ಅದೇ ಪೇಪರು ನನಗೆ ತಿರುಗಿ ಬಂದಾಗ,
ಒಳಗೆ ಒಂದು ತುಂಡು ಲೇಸ್, ಎರಡು ರೋಸ್ ಕುಕ್ಕಿಸ್.
ಬರುವಾಗ ಒಂದು ಕೈ ಕಡಿಮೆ: ಸೋಡಾ ಅಂಗಡಿ ಬಿಟ್ಟಿತ್ತು.
ಹೋಗುವಾಗಿನ ಬರಹ ಪೇಪರಿನ ಅಂಚಲ್ಲಿ ಹಾಗೇ ಇತ್ತು:
ಆದಂಕುಂಞಿಯ ದುಂಡು ಮಲಯಾಳ,
ಅಂಬಾಡಿಯ ಅವಸರದ ಕನ್ನಡ,
ಸಿಸ್ಟರಿನದು ಬರೇ ಫೋನ್ ನಂಬರು.

ಲೇಸು ಮೇಜಿನ ಮೇಲಿಟ್ಟು ನಾಲ್ಕನೇ ಅಧ್ಯಾಯ ತೆರೆದೆ.
ನಿಯಮದ ಕೊನೆಯ ಪದ ಹೊಡೆದುಹಾಕಿದೆ.
ಯಾರಿಂದ ಬಂತೋ ಅವರನ್ನು ನೆನಪಿಡು, ಎಂದು ಬರೆದೆ.
ಎಷ್ಟು ಹೆಜ್ಜೆ ಹೆಚ್ಚಾಗುತ್ತದೆಂದು ಇನ್ನೂ ಲೆಕ್ಕ ಹಾಕಬೇಕು,
ಗೈಡ್ ಕೇಳದೆ ಬಿಡುವವರಲ್ಲ.

ಐತಪ್ಪರು ಪೇಪರಿನಲ್ಲಿ ಅಕ್ಷರ ಬರೆದಿರಲಿಲ್ಲ.
ಬಂದ ದಾರಿಗೆ ತಿರುಗಿದ ಒಂದು ಬಾಣ, ಪೆನ್ಸಿಲಿನದು,
ಅದರ ಮೇಲೆ ಸೋಡಾ ಬಾಟ್ಲಿಯ ಅಡಿ ಒತ್ತಿದ
ಒದ್ದೆ ಉಂಗುರ.